ಐಸಿಯುನಲ್ಲಿ ಶುಗರ್ 170 ಇದ್ದರೂ ಡಾಕ್ಟರ್ ಸುಮ್ಮನಿರುವುದೇಕೆ?

ಬೆಳಗಿನ ಖಾಲಿ ಹೊಟ್ಟೆಯ ಶುಗರ್ 150 ಬಂದರೆ ಮುಖ ಗಂಟಿಕ್ಕಿ ಮಾತ್ರೆ ಹೆಚ್ಚಿಸುವ ಡಾಕ್ಟರೇ, ಅದೇ ರೋಗಿ ಐಸಿಯು ಸೇರಿದ ಮೇಲೆ 170 ನೋಡಿ 'ಶುಗರ್ ಕಂಟ್ರೋಲ್‌ನಲ್ಲಿದೆ' ಎನ್ನುತ್ತಾರೆ. ಕೆಲವೊಮ್ಮೆ ಒಂದು ಕೈಗೆ ಇನ್ಸುಲಿನ್ ಪಂಪ್, ಇನ್ನೊಂದು ಕೈಗೆ ಗ್ಲುಕೋಸ್ ಬಾಟಲಿ. ಹೊರಗಿನ ಬೆಂಚಿನ ಮೇಲೆ ಕೂತ ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಶುಗರ್ ಇಳಿಸಿ ಇಳಿಸಿ ಎಂದು ಕೇಳಿಸಿಕೊಂಡವರಿಗೆ, ಜೀವಕ್ಕೆ ಅಪಾಯ ಬಂದ ಹೊತ್ತಿನಲ್ಲೇ ಈ ಉದಾಸೀನವೇ ಎಂಬ ಅನುಮಾನ ಬರುವುದು ಸಹಜ.

ಸುದ್ದಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿವೆ. ಐಸಿಯುನಲ್ಲಿ ಶುಗರ್ ಬಿಗಿಯಾಗಿ ಹಿಡಿದರೂ ಸಡಿಲ ಬಿಟ್ಟರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ ಎಂದು 2023ರಲ್ಲಿ ಬೆಲ್ಜಿಯಂನ ದೊಡ್ಡ ಅಧ್ಯಯನವೊಂದು ಹೇಳಿತು. ಮರುವರ್ಷ ಅಮೆರಿಕದ ತೀವ್ರನಿಗಾ ತಜ್ಞರ ಸಂಘ ಹೊಸ ಮಾರ್ಗಸೂಚಿ ಹೊರಡಿಸಿ, ತೀರಾ ಬಿಗಿ ಹಿಡಿತ ಬೇಡ ಎಂದಿತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯ ಪೇಟೆಂಟ್ ಭಾರತದಲ್ಲಿ ಮುಗಿದು ಬೆಲೆ ದಿಢೀರನೆ ಕುಸಿಯಿತು. ಅದರ ಬೆನ್ನಿಗೇ 'ಶುಗರ್ ನಾರ್ಮಲ್ ಇದ್ದರೂ ಐಸಿಯು ಸೇರಬೇಕಾದೀತು' ಎಂಬ ಎಚ್ಚರಿಕೆಗಳೂ ಹರಿದಾಡುತ್ತಿವೆ. ಇವೆಲ್ಲ ಒಂದೇ ಕಥೆಯ ತುಣುಕುಗಳು. ಆ ಕಥೆಗೆ ಉತ್ತರ ಕನ್ನಡದಲ್ಲಿ, ಅಂದರೆ ದೊಡ್ಡ ಕಾಯಿಲೆ ಬಂದರೆ ಹೆದ್ದಾರಿ ಹಿಡಿಯಬೇಕಾದ ಜಿಲ್ಲೆಯಲ್ಲಿ, ಇನ್ನೊಂದು ಅಧ್ಯಾಯವಿದೆ.

(ಇಲ್ಲಿ ಬರುವ ಅಂಕಿಗಳೆಲ್ಲ ಲ್ಯಾಬ್ ಚೀಟಿಯಲ್ಲಿ ಕಾಣುವವೇ: 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲುಕೋಸ್ ಎಂಬ ಲೆಕ್ಕ.)

ಊಟವೇ ಇಲ್ಲದವನಿಗೆ ಶುಗರ್ ಏರುವುದು ಹೇಗೆ?

ಮೂರು ದಿನದಿಂದ ಹನಿ ಗಂಜಿಯೂ ಹೊಟ್ಟೆಗೆ ಹೋಗಿಲ್ಲ, ಶುಗರ್ ಮಾತ್ರ 320. ಇದು ಹೇಗೆ ಎಂದು ಕೇಳದ ಮನೆಯವರಿಲ್ಲ.

ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅದು ಸೋಂಕು ಮೈಗೆಲ್ಲ ಏರಿದ ನಂಜಿರಲಿ, ಹೃದಯಾಘಾತವಿರಲಿ, ಅಪಘಾತವಿರಲಿ, ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಏರುತ್ತವೆ. ತುರ್ತಿನ ಹೊತ್ತಿಗೆ ಇಂಧನ ಬೇಕೆಂದು ಅವು ಯಕೃತ್ತಿನಿಂದ ಗ್ಲುಕೋಸನ್ನು ರಕ್ತಕ್ಕೆ ಬಿಡಿಸುತ್ತವೆ. ಅದೇ ಹೊತ್ತಿಗೆ ಉರಿಯೂತದಿಂದಾಗಿ ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಒಳಗೆ ಬರುವುದು ಹೆಚ್ಚು, ಖರ್ಚಾಗುವುದು ಕಡಿಮೆ. ಹೀಗಾಗಿ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಐಸಿಯುನಲ್ಲಿ ಶುಗರ್ ಏರುವುದುಂಟು. ಮೊದಲೇ ಕಾಯಿಲೆ ಇದ್ದವರ ಪಾಡು ಹೇಳಬೇಕಿಲ್ಲ.

ಚಿಕಿತ್ಸೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಬಿಪಿ ಬಿದ್ದವರಿಗೆ ಕೊಡುವ ನಾರ್ ಅಡ್ರಿನಲಿನ್ ಡ್ರಿಪ್, ಉಸಿರಾಟದ ತೊಂದರೆಗೆ ಕೊಡುವ ಸ್ಟೀರಾಯ್ಡ್, ಮೂಗಿನ ಪೈಪಿನಲ್ಲಿ ಹೋಗುವ ದ್ರವಾಹಾರ, ಕೆಲವು ಔಷಧಗಳನ್ನು ಬೆರೆಸಲು ಬಳಸುವ ಗ್ಲುಕೋಸ್ ನೀರು, ಎಲ್ಲವೂ ಶುಗರ್ ಏರಿಸುವವೇ. ಹಾಗೆಂದು ಇವನ್ನು ನಿಲ್ಲಿಸುವಂತಿಲ್ಲ.

ಏರಿದರೆ ಏನಾಯಿತು? ಶುಗರ್ ಸುಮಾರು 180 ದಾಟಿದ ಮೇಲೆ ಮೂತ್ರಪಿಂಡಕ್ಕೆ ಅದನ್ನೆಲ್ಲ ಮರಳಿ ಹೀರಲಾಗುವುದಿಲ್ಲ. ಗ್ಲುಕೋಸ್ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಲವಣಗಳನ್ನೂ ಎಳೆದೊಯ್ಯುತ್ತದೆ. ಮೊದಲೇ ಬಿಪಿ ಕಡಿಮೆ ಇರುವ ರೋಗಿ ಇನ್ನಷ್ಟು ಒಣಗುತ್ತಾನೆ. ಬಿಳಿ ರಕ್ತಕಣಗಳ ಸೋಂಕು ಎದುರಿಸುವ ಶಕ್ತಿ ಕುಂದುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. 2021ರ ಕೋವಿಡ್ ಎರಡನೇ ಅಲೆಯ ಕಪ್ಪು ಶಿಲೀಂಧ್ರವನ್ನು ಯಾರೂ ಮರೆತಿರಲಿಕ್ಕಿಲ್ಲ. ಆ ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸುವಂತೆ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಹೇಳಬೇಕಾಯಿತು. ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್ ಕೂಡಿದಾಗ ಆ ಶಿಲೀಂಧ್ರಕ್ಕೆ ಹದವಾದ ನೆಲ ಸಿಕ್ಕಿತ್ತು.

ಆದ್ದರಿಂದ ಏರಿದ ಶುಗರನ್ನು ಇಳಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಲ್ಲಿಯವರೆಗೆ ಎಂಬುದರಲ್ಲಿದೆ ಜಗಳ.

ಲ್ಯೂವೆನ್‌ನ ಉತ್ಸಾಹ, ಆಮೇಲಿನ ಹಿಂಜರಿಕೆ

ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗ್ರೀಟ್ ವಾನ್ ಡೆನ್ ಬರ್ಗ್ ಮತ್ತು ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಐಸಿಯುಗಳನ್ನೆಲ್ಲ ಅಲುಗಾಡಿಸಿತು. ಶಸ್ತ್ರಚಿಕಿತ್ಸೆಯ ನಂತರ ಐಸಿಯು ಸೇರಿದ್ದ 1,548 ರೋಗಿಗಳಲ್ಲಿ ಅರ್ಧದಷ್ಟು ಜನರ ಶುಗರನ್ನು 80ರಿಂದ 110ರೊಳಗೆ ಹಿಡಿದರು. ಉಳಿದವರಿಗೆ 215 ದಾಟಿದರಷ್ಟೇ ಇನ್ಸುಲಿನ್. ಐಸಿಯುನಲ್ಲಿ ಸತ್ತವರು ಬಿಗಿ ಹಿಡಿತದ ಗುಂಪಿನಲ್ಲಿ ಶೇ. 4.6, ಸಡಿಲ ಗುಂಪಿನಲ್ಲಿ ಶೇ. 8. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ಜೀವ ಉಳಿಯುವುದಾದರೆ ಯಾರು ಬೇಡವೆಂದಾರು? ಕೆಲವೇ ವರ್ಷಗಳಲ್ಲಿ ಬಿಗಿ ಹಿಡಿತವೇ ಒಳ್ಳೆಯ ಐಸಿಯುವಿನ ಗುರುತಾಯಿತು.

ಆದರೆ ಬೇರೆಡೆ ಅದೇ ಫಲ ಸಿಗಲಿಲ್ಲ. 2006ರಲ್ಲಿ ಲ್ಯೂವೆನ್ ತಂಡವೇ ಶಸ್ತ್ರಚಿಕಿತ್ಸೆಯಲ್ಲದ ಕಾಯಿಲೆಗಳವರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಟ್ಟಾರೆ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಜರ್ಮನಿಯಲ್ಲಿ ನಂಜು ಏರಿದವರ ಮೇಲೆ ನಡೆಯುತ್ತಿದ್ದ ಅಧ್ಯಯನದ ಬಿಗಿ ಹಿಡಿತದ ಭಾಗವನ್ನು, ಲೋ ಶುಗರ್ ವಿಪರೀತವಾಯಿತೆಂದು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 2009ರಲ್ಲಿ ಬಂತು ನೈಸ್-ಶುಗರ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಮುಖ್ಯವಾಗಿದ್ದ ಈ ಅಧ್ಯಯನದಲ್ಲಿ 6,104 ರೋಗಿಗಳಿದ್ದರು. 81ರಿಂದ 108ರ ಗುರಿಯ ಗುಂಪಿನಲ್ಲಿ 90 ದಿನದೊಳಗೆ ಸತ್ತವರು ಶೇ. 27.5, 180ರ ಒಳಗಿದ್ದರೆ ಸಾಕು ಎಂದ ಗುಂಪಿನಲ್ಲಿ ಶೇ. 24.9. ಬಿಗಿ ಹಿಡಿತದವರೇ ಹೆಚ್ಚು ಸತ್ತಿದ್ದರು. ಶುಗರ್ 40 ಅಥವಾ ಅದಕ್ಕಿಂತ ಕೆಳಗೆ ಬಿದ್ದವರು ಆ ಗುಂಪಿನಲ್ಲಿ ಶೇ. 6.8, ಇನ್ನೊಂದರಲ್ಲಿ ಶೇ. 0.5.

ಒಂದೇ ಗುರಿ, ಎರಡು ಕಡೆ ಎರಡು ಫಲ. ಏಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಮೊದಲನೆಯದಾಗಿ, 2001ರ ಲ್ಯೂವೆನ್‌ನಲ್ಲಿ ರೋಗಿಗಳಿಗೆ ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಧಾರಾಳವಾಗಿ ಗ್ಲುಕೋಸ್ ಹೋಗುತ್ತಿತ್ತು. ಮೇಲಿಂದ ಸುರಿಯುತ್ತಿರುವಾಗ ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ತಳ ಕಾಣುವುದು ಅಪರೂಪ. ಅಷ್ಟು ಗ್ಲುಕೋಸ್ ಸುರಿಯುವ ಪದ್ಧತಿ ಈಗ ಸಾಮಾನ್ಯವಾಗಿ ಇಲ್ಲ. ಎರಡನೆಯದು ಅಳತೆ. ಅಲ್ಲಿ ಅಪಧಮನಿಯ ರಕ್ತವನ್ನು ಐಸಿಯುನಲ್ಲೇ ಇಟ್ಟಿದ್ದ ನಿಖರ ಯಂತ್ರಕ್ಕೆ ಕೊಡುತ್ತಿದ್ದರು. ಇತರ ಕಡೆಗಳಲ್ಲಿ ಬೆರಳು ಚುಚ್ಚಿ ಸ್ಟ್ರಿಪ್‌ನಲ್ಲಿ ನೋಡುವುದೂ ಸೇರಿತ್ತು. ಮೂರನೆಯದು ಕೈಗಳು. ಲ್ಯೂವೆನ್‌ನ ನರ್ಸ್‌ಗಳು ಇದರಲ್ಲಿ ಪಳಗಿದವರು, ಅದೇ ಕೆಲಸಕ್ಕೆ ಹೊತ್ತು ಇದ್ದವರು.

2023ರ ಅಧ್ಯಯನವೂ ಬಹುಪಾಲು ಅದೇ ತಂಡದ್ದು. ಈ ಬಾರಿ ರಕ್ತನಾಳದ ಪೌಷ್ಟಿಕಾಂಶವನ್ನು ಮೊದಲ ವಾರ ಕೊಡಲಿಲ್ಲ; ಇನ್ಸುಲಿನ್ ಎಷ್ಟೆಂದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತಿತ್ತು. 9,230 ರೋಗಿಗಳಲ್ಲಿ ಐಸಿಯು ವಾಸದ ಅವಧಿಗಾಗಲಿ ಸಾವಿಗಾಗಲಿ ಬಿಗಿ-ಸಡಿಲದಿಂದ ವ್ಯತ್ಯಾಸವಾಗಲಿಲ್ಲ. ತೀವ್ರ ಲೋ ಶುಗರ್ ಎರಡೂ ಕಡೆ ಶೇ. 1ರ ಆಸುಪಾಸಿನಲ್ಲೇ ಉಳಿಯಿತು. ಬಿಗಿ ಗುಂಪಿನಲ್ಲಿ ತೀವ್ರ ಮೂತ್ರಪಿಂಡ ಹಾನಿ ಸ್ವಲ್ಪ ಕಡಿಮೆ ಕಂಡಿತೆಂಬುದನ್ನು ಬಿಗಿ ಹಿಡಿತದ ಪಕ್ಷದವರು ಇಂದಿಗೂ ಎತ್ತಿ ತೋರಿಸುತ್ತಾರೆ. ಅವರ ವಾದ ತಳ್ಳಿಹಾಕುವಂಥದ್ದಲ್ಲ: ಸುರಕ್ಷಿತವಾಗಿ ಮಾಡಬಲ್ಲವರು ಮಾಡಲಿ ಎನ್ನುತ್ತಾರೆ. ಆದರೆ ಆ ಕಂಪ್ಯೂಟರ್, ಆ ಯಂತ್ರ, ಆ ನರ್ಸ್‌ಗಳು ಮೂರೂ ಕೂಡಿದ್ದಲ್ಲಿ ಮಾತ್ರ ಆ ಮಾತಿಗೆ ತೂಕ.

ಮಲಗಿದವನ ಲೋ ಶುಗರ್ ಯಾರಿಗೂ ಕಾಣದು

ಮನೆಯಲ್ಲಿ ಶುಗರ್ ಇಳಿದರೆ ಬೆವರು, ನಡುಕ, ಎದೆ ಡವಡವ, ಹಸಿವು. ರೋಗಿಯೇ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ನಿದ್ದೆ ಮದ್ದಿನಲ್ಲಿ ವೆಂಟಿಲೇಟರ್ ಮೇಲೆ ಮಲಗಿದವನು ಏನನ್ನೂ ಹೇಳಲಾರ. ಬೆವರಿದರೆ ಜ್ವರವೆಂದುಕೊಳ್ಳಬಹುದು, ಎದೆಬಡಿತ ಏರಿದರೆ ನಂಜೆಂದುಕೊಳ್ಳಬಹುದು, ಎಚ್ಚರ ತಪ್ಪಿದರಂತೂ ಗೊತ್ತೇ ಆಗುವುದಿಲ್ಲ. ಮೆದುಳಿಗೆ ಮುಖ್ಯ ಇಂಧನವೇ ಗ್ಲುಕೋಸ್. ಅದು ತಳ ಮುಟ್ಟಿ ಹೆಚ್ಚು ಹೊತ್ತು ಉಳಿದರೆ ಆಗುವ ಹಾನಿಯನ್ನು ಆಮೇಲೆ ಎಷ್ಟು ಗ್ಲುಕೋಸ್ ಕೊಟ್ಟರೂ ಸರಿಪಡಿಸಲಾಗದು. 250 ಇದ್ದ ಶುಗರ್ ನಾಲ್ಕು ಗಂಟೆ ಹಾಗೇ ಇದ್ದರೆ ತಿದ್ದಿಕೊಳ್ಳಬಹುದು. 30 ಇದ್ದ ಶುಗರಿಗೆ ನಾಲ್ಕು ಗಂಟೆಯ ಅವಕಾಶವಿಲ್ಲ. ಎರಡೂ ಅಪಾಯಗಳು ಸಮಬಲದವಲ್ಲ ಎಂಬುದೇ ಐಸಿಯುನಲ್ಲಿ ಈಗ ಇಟ್ಟುಕೊಳ್ಳುವ 140-180ರ ಗುರಿಯ ಹಿಂದಿನ ತರ್ಕ.

ಲೋ ಶುಗರ್ ಆಗುವ ದಾರಿಗಳು ಬಹಳ ಸಾದಾ. ಸ್ಕ್ಯಾನಿಂಗಿಗೆ ಒಯ್ಯಬೇಕೆಂದು ಮೂಗಿನ ಪೈಪಿನ ಆಹಾರ ನಿಲ್ಲಿಸುತ್ತಾರೆ, ಇನ್ಸುಲಿನ್ ಪಂಪ್ ಓಡುತ್ತಲೇ ಇರುತ್ತದೆ. ಸ್ಟೀರಾಯ್ಡ್ ಪ್ರಮಾಣ ಇಳಿಸುತ್ತಾರೆ, ಇನ್ಸುಲಿನ್ ಇಳಿಸಲು ಮರೆಯುತ್ತಾರೆ. ರೋಗಿ ವಾಂತಿ ಮಾಡಿಕೊಂಡು ಆಹಾರ ಹೊರಬಂದಿರುತ್ತದೆ, ಬೆಳಿಗ್ಗೆ ಕೊಟ್ಟ ಇಂಜೆಕ್ಷನ್ ಒಳಗೇ ಇರುತ್ತದೆ.

ಇನ್ನೊಂದು ದಾರಿ ನಮ್ಮ ಕರಾವಳಿಗೆ ಹತ್ತಿರದ್ದು. ಮಳೆಗಾಲದ ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರ ತೀವ್ರವಾದರೆ ಮೂತ್ರಪಿಂಡ, ಯಕೃತ್ತು ಎರಡಕ್ಕೂ ಕೈ ಹಾಕುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದು ತಗಲಿದಾಗ ಮೊದಲು ಶುಗರ್ ಏರುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಆಮೇಲೆ ಮೂತ್ರಪಿಂಡ ಸೋತರೆ ದೇಹದಿಂದ ಇನ್ಸುಲಿನ್ ಹೊರಹೋಗುವುದು ನಿಧಾನವಾಗುತ್ತದೆ. ಯಕೃತ್ತು ಸೋತರೆ ಹೊಸ ಗ್ಲುಕೋಸ್ ತಯಾರಾಗುವುದಿಲ್ಲ. ನಿನ್ನೆ ಸಾಲದೆ ಬಂದ ಪ್ರಮಾಣ ಇವತ್ತು ವಿಪರೀತವಾಗುತ್ತದೆ. ಮನೆಯಲ್ಲಿ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುತ್ತಿದ್ದವರಾದರೆ, ಮೂತ್ರಪಿಂಡದ ಸೋಲಿನಿಂದ ಅದರ ಪರಿಣಾಮ ದಿನಗಟ್ಟಲೆ ಉಳಿಯಬಹುದು. ಒಮ್ಮೆ ಗ್ಲುಕೋಸ್ ಕೊಟ್ಟು ಏರಿಸಿದ ಶುಗರ್ ಮತ್ತೆ ಮತ್ತೆ ಬೀಳುತ್ತದೆ.

ಹೀಗಾಗಿ ಈಗಿನ ಮಾರ್ಗಸೂಚಿಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿವೆ. ಶುಗರ್ 180 ಅಥವಾ ಮೇಲೆ ನಿಂತರೆ ಇನ್ಸುಲಿನ್ ಶುರು ಮಾಡಿ. ಹೆಚ್ಚಿನ ರೋಗಿಗಳಲ್ಲಿ 140ರಿಂದ 180ರ ನಡುವೆ ಇಡಿ ಎನ್ನುತ್ತದೆ ಅಮೆರಿಕದ ಡಯಾಬಿಟಿಸ್ ಸಂಘ. ನಂಜಿನ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯದು 144ರಿಂದ 180. ಮಳೆಗಾಲದ ಕಡಲಲ್ಲಿ ಬಂಡೆಗೆ ಒತ್ತಿ ಯಾವ ತಂಡೇಲನೂ ದೋಣಿ ನಡೆಸುವುದಿಲ್ಲ. ಆ ನಲವತ್ತು ಅಂಕಿಗಳ ಅಂತರವೂ ಅದೇ ಲೆಕ್ಕದ್ದು.

ಹಳೆಯ ಶುಗರ್‌ನವರಿಗೆ ಇನ್ನೂ ಸಡಿಲ ಬೇಕೆ?

ಒಂದು ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 10 ಬಂದವರ ರಕ್ತದ ಗ್ಲುಕೋಸ್ ಸರಾಸರಿ ಸುಮಾರು 240. ಅವರ ದೇಹ ಅದಕ್ಕೇ ಒಗ್ಗಿಕೊಂಡಿರುತ್ತದೆ. ಅಂಥವರನ್ನು ಒಮ್ಮೆಲೇ 140ಕ್ಕೆ ಎಳೆದರೆ, ಲೆಕ್ಕದಲ್ಲಿ ಲೋ ಆಗದಿದ್ದರೂ ದೇಹಕ್ಕೆ ಲೋ ಆದಂತೆಯೇ ಎಂಬುದು ಒಂದು ಪಕ್ಷದ ವಾದ. ಇದನ್ನು ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನಲ್ಲಿ ಟೈಪ್ 2 ಕಾಯಿಲೆಯವರ ಮೇಲೆ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಕೊಟ್ಟರು. 180ರಿಂದ 252ರವರೆಗೆ ಬಿಟ್ಟ ಗುಂಪಿನಲ್ಲಿ ಲೋ ಶುಗರ್ ಆದವರು ಶೇ. 5, ಮಾಮೂಲಿ ಗುಂಪಿನಲ್ಲಿ ಶೇ. 18. ಲೋ ಶುಗರ್ ಸ್ಪಷ್ಟವಾಗಿ ಇಳಿಯಿತು, ಆದರೆ ಜೀವ ಉಳಿಯುವುದರಲ್ಲಿ ಲಾಭ ಕಾಣಲಿಲ್ಲ. ಫ್ರಾನ್ಸಿನಲ್ಲಿ ಪ್ರತಿ ರೋಗಿಯ ಹಳೆಯ ಸರಾಸರಿ ನೋಡಿ ಅವರವರಿಗೆ ಗುರಿ ಇಟ್ಟು ನೋಡಿದ್ದೂ ಫಲ ಕೊಡಲಿಲ್ಲ.

ಆದ್ದರಿಂದ 'ಹಳೆ ಶುಗರ್, 250 ಇದ್ದರೂ ಇರಲಿ' ಎಂಬುದಕ್ಕೆ ಸದ್ಯಕ್ಕೆ ಪುರಾವೆ ಸಾಲದು. ಆದರೆ ಇಂಥ ರೋಗಿಯ ಶುಗರ್ 190ರಲ್ಲಿ ನಿಂತಿದೆಯೆಂದು ಇನ್ಸುಲಿನ್ ಸುರಿಯುವ ಅವಸರವೂ ಬೇಡ. ಇಲ್ಲಿ ಅನುಭವಿ ವೈದ್ಯರ ಕಣ್ಣಳತೆಗೆ ಜಾಗವಿದೆ.

ಸಕ್ಕರೆ ಕಾಯಿಲೆಯವನಿಗೆ ಗ್ಲುಕೋಸ್ ಬಾಟಲಿ

ಮನೆಯವರು ನರ್ಸ್ ಜೊತೆ ಜಗಳಕ್ಕೆ ನಿಲ್ಲುವುದು ಹೆಚ್ಚಾಗಿ ಇದೇ ವಿಷಯಕ್ಕೆ. ಇನ್ಸುಲಿನ್ ತೀರಾ ಕಡಿಮೆಯಾದಾಗ ದೇಹ ಕೊಬ್ಬನ್ನು ಸುಟ್ಟು ಕೀಟೋನ್ ಎಂಬ ಆಮ್ಲೀಯ ವಸ್ತುಗಳನ್ನು ತಯಾರಿಸುತ್ತದೆ. ರಕ್ತ ಹುಳಿಯಾಗುತ್ತದೆ, ಉಸಿರಾಟ ಆಳವಾಗಿ ವೇಗವಾಗುತ್ತದೆ, ಹೊಟ್ಟೆನೋವು, ವಾಂತಿ ಶುರುವಾಗುತ್ತದೆ. ಕೀಟೋಆಸಿಡೋಸಿಸ್ ಎಂಬ ಈ ಸ್ಥಿತಿಯಲ್ಲಿ ಮುಖ್ಯ ಶತ್ರು ಕೀಟೋನ್. ಇನ್ಸುಲಿನ್ ಕೊಟ್ಟಾಗ ಶುಗರ್ ಬೇಗ ಇಳಿಯುತ್ತದೆ, ಕೀಟೋನ್ ಇಳಿಯಲು ಇನ್ನೂ ಹೊತ್ತು ಬೇಕು. ಶುಗರ್ 250ಕ್ಕಿಂತ ಕೆಳಗಿಳಿಯಿತೆಂದು ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ. ಅದಕ್ಕೇ ಆ ಹಂತದಲ್ಲಿ ಗ್ಲುಕೋಸ್ ಡ್ರಿಪ್ ಸೇರಿಸಿ ಇನ್ಸುಲಿನ್ ಮುಂದುವರಿಸುತ್ತಾರೆ. ಬಾಟಲಿ ಇರುವುದು ಇನ್ಸುಲಿನ್ನಿಗೆ ಕೆಲಸ ಮುಗಿಸಲು ಅವಕಾಶ ಕೊಡುವುದಕ್ಕೆ.

ಇದೇ ಹೊತ್ತಿಗೆ ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ಇನ್ಸುಲಿನ್ ಗ್ಲುಕೋಸಿನ ಜೊತೆ ಪೊಟ್ಯಾಸಿಯಂ ಅನ್ನೂ ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಇಳಿದರೆ ಹೃದಯದ ಲಯವೇ ತಪ್ಪುತ್ತದೆ. ಪದೇಪದೇ ರಕ್ತ ತೆಗೆಯುತ್ತಾರೆಂದು ಬೇಸರಿಸುವವರಿಗೆ ಇದೂ ಒಂದು ಉತ್ತರ.

ಮಾತ್ರೆಯ ಬೆಲೆ ಇಳಿದ ಸುದ್ದಿಗೂ ಇದಕ್ಕೂ ಸಂಬಂಧವಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಗ್ಲುಕೋಸನ್ನು ಮೂತ್ರದ ಮೂಲಕ ಹೊರಹಾಕಿಸುತ್ತವೆ. ಹೃದಯ ಸೋತವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ಇವುಗಳಿಂದ ನಿಜವಾದ ಪ್ರಯೋಜನವಿದೆ. ಬೆಲೆ ಇಳಿದದ್ದು ಬಡವರ ಮಟ್ಟಿಗೆ ಒಳ್ಳೆಯ ಸುದ್ದಿಯೇ. ಆದರೆ ಇವನ್ನು ನುಂಗುವವರಿಗೆ ಜ್ವರ ಬಂದು ಊಟ ಬಿಟ್ಟಾಗ, ಉಪವಾಸವಿದ್ದಾಗ, ಆಪರೇಷನ್ ಆದಾಗ, ಶುಗರ್ 160-180ರಲ್ಲಿದ್ದರೂ ಒಳಗೆ ಕೀಟೋನ್ ಏರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಗ್ಲುಕೋಮೀಟರ್ ನೋಡಿ 'ಶುಗರ್ ಪರವಾಗಿಲ್ಲ' ಎಂದು ಬಿಟ್ಟರೆ ಕಾಯಿಲೆ ತಪ್ಪಿಹೋಗುತ್ತದೆ. ಇಂಥವರಿಗೆ ಮೊದಲಿಂದಲೇ ಗ್ಲುಕೋಸ್, ಇನ್ಸುಲಿನ್ ಎರಡೂ ಬೇಕಾಗುತ್ತವೆ. ಯೋಜಿತ ಆಪರೇಷನ್ ಇದ್ದರೆ ಈ ಎರಡು ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಲು ಹೇಳುವುದೂ ಇದಕ್ಕೇ.

ಅಳೆಯುವ ಕೈ, ಅಳೆಯುವ ಯಂತ್ರ

ಐಸಿಯುನಲ್ಲಿ ಇನ್ಸುಲಿನ್ನನ್ನು ಚರ್ಮದಡಿ ಚುಚ್ಚುವ ಬದಲು ನೇರ ರಕ್ತನಾಳಕ್ಕೆ ಪಂಪ್‌ನಲ್ಲಿ ಕೊಡುತ್ತಾರೆ. ಬಿಪಿ ಬಿದ್ದು ಕೈಕಾಲು ತಣ್ಣಗಾದವರ ಚರ್ಮದಡಿಗೆ ರಕ್ತಸಂಚಾರವೇ ಸರಿಯಾಗಿರುವುದಿಲ್ಲ. ಚುಚ್ಚಿದ ಔಷಧಿ ಅಲ್ಲೇ ಕೂತು, ರಕ್ತಸಂಚಾರ ಸುಧಾರಿಸಿದ ಮೇಲೆ ಒಟ್ಟಿಗೆ ಒಳನುಗ್ಗಬಹುದು. ರಕ್ತನಾಳಕ್ಕೆ ಕೊಟ್ಟದ್ದು ಕೆಲವೇ ನಿಮಿಷ ಉಳಿಯುತ್ತದೆ, ಆದ್ದರಿಂದ ಏರಿಸುವುದೂ ಇಳಿಸುವುದೂ ಕೈಯಲ್ಲಿರುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಬಿಡದೆ ಅಳೆಯುವುದು. ಶುಗರ್ ಸ್ಥಿರವಿಲ್ಲದಾಗ ಗಂಟೆಗೊಮ್ಮೆಯಾದರೂ ನೋಡಬೇಕೆನ್ನುತ್ತದೆ 2024ರ ಮಾರ್ಗಸೂಚಿ. ಒಬ್ಬ ನರ್ಸ್ ಪಾಲಿಗೆ ನಾಲ್ಕು ಹಾಸಿಗೆ ಬಿದ್ದರೆ ಎಂಟು ಗಂಟೆಯ ಪಾಳಿಯಲ್ಲಿ 32 ಸಲ ಅಳೆದು, ಬರೆದು, ಪಂಪ್ ತಿದ್ದಬೇಕು. ಉಳಿದ ಕೆಲಸವೆಲ್ಲ ಇದರ ನಡುವೆ.

ಯಂತ್ರದ ಮಾತೂ ಇದೆ. ಮನೆಬಳಕೆಯ ಗ್ಲುಕೋಮೀಟರ್ ಆರೋಗ್ಯವಂತರ ಬೆರಳಿಗೆ ಮಾಡಿದ್ದು. ರಕ್ತಹೀನತೆ ಇದ್ದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಯಂತ್ರ 95 ಎಂದಾಗ ನಿಜ 75 ಇರಬಹುದು. ಊದಿದ, ತಣ್ಣಗಾದ ಬೆರಳಿನ ಹನಿಯನ್ನೂ ನಂಬುವಂತಿಲ್ಲ. ಸಾಧ್ಯವಿದ್ದಲ್ಲಿ ಅಪಧಮನಿಯ ರಕ್ತವನ್ನು ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡುವುದೇ ಮೇಲು. ತೋಳಿಗೆ ಅಂಟಿಸುವ ಸೆನ್ಸರ್‌ಗಳ ಬಗ್ಗೆ ಈಗ ಬಹಳ ಮಾತಿದೆ. ಬಿಪಿ ಬಿದ್ದ ರೋಗಿಯಲ್ಲಿ ಅವುಗಳ ನಂಬಿಕೆಯ ಬಗ್ಗೆ ಪೂರ್ತಿ ಒಮ್ಮತವಿಲ್ಲ.

ಭಾರತದಲ್ಲಿ ಎದುರಾಗುವ ಅಪಾಯವೊಂದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನದು, 100 ಯೂನಿಟ್‌ನದು. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. ಪಂಪಿಗೆ 50 ಯೂನಿಟ್ ಬೆರೆಸಲು ಮೊದಲನೆಯದರಿಂದ 1.25 ಮಿಲಿಲೀಟರ್ ಬೇಕು, ಎರಡನೆಯದರಿಂದ ಅರ್ಧ ಮಿಲಿಲೀಟರ್ ಸಾಕು. ಬಾಟಲಿ ಅದಲುಬದಲಾದರೆ ಒಂದೇ ಏಟಿಗೆ ಎರಡೂವರೆ ಪಟ್ಟು ಇನ್ಸುಲಿನ್. ಬೆರೆಸುವಾಗ ಇಬ್ಬರು ನೋಡಿ ಸಹಿ ಹಾಕುವ ಪದ್ಧತಿ ಕೆಲವರಿಗೆ ಕಾಗದದ ಕಾಟವೆನಿಸುತ್ತದೆ. ಅದು ಇರಲೇಬೇಕಾದ ಕಾಟ.

ಹೆದ್ದಾರಿಯ ಮೇಲಿನ ನಾಲ್ಕು ಗಂಟೆ

ಜಿಲ್ಲೆಗೆ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ಹೃದಯ, ಮೆದುಳು, ಬಹು ಅಂಗಾಂಗ ಸೋಲು ಎಂದಾಗ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾದ ಬಾಂಬೋಳಿಯತ್ತ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಯತ್ತ ಹೊರಡುವುದು ಇನ್ನೂ ತಪ್ಪಿಲ್ಲ. ಕಾರವಾರದಿಂದ ಮಣಿಪಾಲಕ್ಕೆ ಹತ್ತಿರಹತ್ತಿರ 200 ಕಿಲೋಮೀಟರ್, ಶಿರಸಿಯಿಂದ ಹುಬ್ಬಳ್ಳಿಗೆ ನೂರರ ಆಸುಪಾಸು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾಗಿ ಜೀವಗಳು ಹೋದಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಜೋರಾಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಮರುತಿಂಗಳು ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ದಾರಿ ಎಷ್ಟು ಹೊತ್ತಿನದೆಂದು ಮಳೆಗಾಲದಲ್ಲಿ ಯಾರೂ ಖಚಿತವಾಗಿ ಹೇಳಲಾರರು.

ಶುಗರ್ ಲೆಕ್ಕ ಇಲ್ಲಿ ಬೇರೆಯೇ ಆಗುತ್ತದೆ. ಮಾಮೂಲಿ ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಚುಚ್ಚಿದರೆ ಅದರ ಕೆಲಸ ಉಚ್ಛ್ರಾಯಕ್ಕೆ ಬರುವುದು ಎರಡರಿಂದ ನಾಲ್ಕು ಗಂಟೆಯ ನಡುವೆ. ಕಾರವಾರದಲ್ಲಿ ಶುಗರ್ 340 ಇದೆಯೆಂದು ಹೊರಡುವ ಮುಂಚೆ ದೊಡ್ಡ ಪ್ರಮಾಣ ಕೊಟ್ಟರೆ, ಅದರ ಪೂರ್ತಿ ಹೊಡೆತ ಬೀಳುವ ಹೊತ್ತಿಗೆ ಗಾಡಿ ಭಟ್ಕಳ-ಬೈಂದೂರಿನ ನಡುವೆ ಇರುತ್ತದೆ. ಆಹಾರ ನಿಂತಿದೆ, ರೋಗಿಗೆ ಎಚ್ಚರವಿಲ್ಲ, ಕುಲುಕಾಟದಲ್ಲಿ ಗ್ಲುಕೋಸ್ ಡ್ರಿಪ್ ಸೂಜಿ ಜಾರಿದರೂ ಕತ್ತಲಲ್ಲಿ ಗೊತ್ತಾಗದು. ಪಂಪ್ ಮೇಲಿದ್ದರೆ ಇನ್ನೊಂದು ಬಗೆ. ಇನ್ಸುಲಿನ್ ಪಂಪಿನ ಬ್ಯಾಟರಿ ಸತ್ತರೆ ಶುಗರ್ ಏರುತ್ತದೆ, ಅದನ್ನು ಊರು ಮುಟ್ಟಿದ ಮೇಲೆ ನೋಡಿಕೊಳ್ಳಬಹುದು. ಗ್ಲುಕೋಸ್ ನಿಂತು ಇನ್ಸುಲಿನ್ ಮಾತ್ರ ಓಡುತ್ತಿದ್ದರೆ ಊರು ಮುಟ್ಟುವುದೇ ಅನುಮಾನ.

ನನ್ನ ಅಭಿಪ್ರಾಯದಲ್ಲಿ ರಸ್ತೆಯ ಮೇಲಿನ ಗುರಿ ಐಸಿಯು ಗುರಿಗಿಂತ ಸಡಿಲವಾಗಿರಬೇಕು. ಕೀಟೋಆಸಿಡೋಸಿಸ್‌ನಂಥ, ಇನ್ಸುಲಿನ್ ನಿಲ್ಲಿಸಲಾಗದ ಸ್ಥಿತಿಯನ್ನು ಬಿಟ್ಟರೆ, 200-220ರಲ್ಲಿ ಊರು ತಲುಪುವ ರೋಗಿ 60ರಲ್ಲಿ ತಲುಪುವವನಿಗಿಂತ ಸಾವಿರ ಪಾಲು ಮೇಲು. ಹೊರಡುವ ಮುಂಚೆ ಒಂದು ಅಳತೆ, ದಾರಿಯಲ್ಲಿ ಗಂಟೆಗೊಂದು, ಕೈಗೆಟುಕುವಂತೆ ಶೇ. 25ರ ಗ್ಲುಕೋಸ್ ದ್ರಾವಣ, ಕೊನೆಯ ಇನ್ಸುಲಿನ್ ಎಷ್ಟು, ಯಾವುದು, ಎಷ್ಟು ಗಂಟೆಗೆ ಎಂದು ರೆಫರ್ ಚೀಟಿಯಲ್ಲಿ ಸ್ಪಷ್ಟ ಬರಹ. ಇವಕ್ಕೆ ಸೂಪರ್ ಸ್ಪೆಷಾಲಿಟಿ ಬೇಕಿಲ್ಲ. ಆ ಆಸ್ಪತ್ರೆ ಬರುವವರೆಗೆ ಕಾಯಬೇಕೂ ಇಲ್ಲ. ಜಿಲ್ಲೆಯ ಐಸಿಯುಗಳ ಗುಣಮಟ್ಟ ಅಳೆಯಲು ಒಂದೇ ಅಂಕಿ ಕೇಳಬೇಕೆಂದರೆ, ಸರಾಸರಿ ಶುಗರ್ ಬದಲು, ತಿಂಗಳಿಗೆ ಎಷ್ಟು ಜನರ ಶುಗರ್ 70ಕ್ಕಿಂತ ಕೆಳಗೆ ಬಿತ್ತು ಎಂಬುದನ್ನು ಕೇಳುವುದು ಒಳ್ಳೆಯದು.

ಮನೆಯವರ ಕೈಯಲ್ಲಿರುವುದು

ಐಸಿಯು ಬಾಗಿಲಲ್ಲಿ ಮನೆಯವರು ಕೊಡಬಹುದಾದ ಅತಿ ಬೆಲೆಬಾಳುವ ವಸ್ತು ರೋಗಿಯ ಮಾತ್ರೆ ಚೀಲ. ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯಾದರೂ ಸಾಕು. ಗ್ಲಿಮೆಪಿರೈಡ್ ಇತ್ತೇ, ಡಾಪಾಗ್ಲಿಫ್ಲೋಜಿನ್ ಇತ್ತೇ, ಕೊನೆಯ ಇನ್ಸುಲಿನ್ ಯಾವಾಗ ಚುಚ್ಚಿದ್ದು, ಊಟ ಬಿಟ್ಟು ಎಷ್ಟು ದಿನವಾಯಿತು ಎಂಬ ನಾಲ್ಕು ಮಾತು ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಬಹುದು. ನಾಟಿ ಔಷಧಿ ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ಯಾರೂ ಬೈಯಲಿಕ್ಕೆ ಕೂತಿರುವುದಿಲ್ಲ. ಟೈಪ್ 1 ಕಾಯಿಲೆಯಾದರೆ ಅದನ್ನು ಮೊದಲು ಹೇಳಬೇಕು, ಏಕೆಂದರೆ ಊಟವಿಲ್ಲದಿದ್ದರೂ ಅವರ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ.

ಎಳನೀರು, ಗಂಜಿ ತಿಳಿ ತಂದು 'ಒಂದು ಗುಟುಕು' ಎಂದು ಬೇಡುವವರು ನಮ್ಮಲ್ಲಿ ಬಹಳ. ಪ್ರೀತಿ ಅರ್ಥವಾಗುತ್ತದೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ, ಮೂತ್ರಪಿಂಡ ಸೋತವರಿಗೆ ಅದು ವಿಷವಾಗಬಹುದು. ಲೆಕ್ಕಕ್ಕೆ ಬಾರದ ಯಾವ ಆಹಾರವೂ ಇನ್ಸುಲಿನ್ ಲೆಕ್ಕ ಕೆಡಿಸುತ್ತದೆ.

ಐಸಿಯುನಿಂದ ವಾರ್ಡಿಗೆ ಬಂದ ದಿನವೂ ಸೂಕ್ಷ್ಮವೇ. ಪಂಪಿನ ಇನ್ಸುಲಿನ್ ಕೆಲವೇ ನಿಮಿಷದ್ದಾದ್ದರಿಂದ, ಅದನ್ನು ನಿಲ್ಲಿಸುವ ಒಂದೆರಡು ಗಂಟೆ ಮೊದಲೇ ದೀರ್ಘಾವಧಿಯ ಇನ್ಸುಲಿನ್ ಚುಚ್ಚಿರಬೇಕು. ಇಲ್ಲದಿದ್ದರೆ ಸಂಜೆ ಹೊತ್ತಿಗೆ ಶುಗರ್ ಮತ್ತೆ 300. ವಾರ್ಡಿನಲ್ಲಿ ಪ್ರತಿ ಸಲ ಶುಗರ್ ನೋಡಿ, ಏರಿದ್ದರೆ ಮಾತ್ರ ಇಂಜೆಕ್ಷನ್ ಕೊಡುವ ಹಳೆಯ ಪದ್ಧತಿಯೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಮಾರ್ಗಸೂಚಿಗಳು ಹೇಳುತ್ತಲೇ ಬಂದಿವೆ. ಅದು ಏರಿದ ಮೇಲೆ ಓಡುವ ಚಿಕಿತ್ಸೆ.

ಐಸಿಯುನಲ್ಲಿ ಇನ್ಸುಲಿನ್ ಶುರುವಾಯಿತೆಂದರೆ ಜೀವನಪರ್ಯಂತ ಬಿಡಲಾಗದು ಎಂಬ ಭಯ ಹಲವರಿಗಿದೆ. ಕಾಯಿಲೆಯ ಒತ್ತಡ ಇಳಿದ ಮೇಲೆ ಬಹಳ ಜನರಿಗೆ ಪ್ರಮಾಣ ಇಳಿಯುತ್ತದೆ, ಕೆಲವರಿಗೆ ಪೂರ್ತಿ ನಿಲ್ಲುತ್ತದೆ. ಮೊದಲು ಕಾಯಿಲೆಯೇ ಇರಲಿಲ್ಲ ಎನ್ನುವವರಲ್ಲಿ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ, ಶುಗರ್ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ, ಮೊದಲೇ ಇದ್ದು ಗೊತ್ತಾಗದೆ ಉಳಿದಿತ್ತು ಎಂದು ಅರ್ಥ. ರಕ್ತ ಹಾಕಿಸಿಕೊಂಡವರಲ್ಲಿ, ರಕ್ತಹೀನತೆಯವರಲ್ಲಿ ಆ ಪರೀಕ್ಷೆ ದಾರಿ ತಪ್ಪಿಸಬಹುದಾದ್ದರಿಂದ ರಕ್ತ ಹಾಕುವ ಮುಂಚೆಯೇ ಮಾಡಿಸುವುದು ಸರಿ. ಪರೀಕ್ಷೆ ನಾರ್ಮಲ್ ಬಂದವರೂ ಮನೆಗೆ ಹೋದ ಮೇಲೆ ಆಗಾಗ ಶುಗರ್ ನೋಡಿಸಿಕೊಳ್ಳಬೇಕು, ಏಕೆಂದರೆ ಕಾಯಿಲೆಯ ಒತ್ತಡದಲ್ಲಿ ಶುಗರ್ ಏರಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು.